ಬಾಗಿಲಲ್ಲಿ ನಿಂತ ಮಂದಾಕಿನಿಯರು

ನಾನು ಅಕ್ಷರ ಕಲಿತದ್ದು ಐವತ್ತೆಂಟನೇ ವಯಸ್ಸಿನಲ್ಲಿ, ರಾತ್ರಿ ಶಾಲೆಯಲ್ಲಿ. ಮುಂದಿನ ಸಾಲಿಗೆ ಕಣ್ಣೋಡಿಸಿ ಏನಿದೆ ಎಂದು ನೋಡಿಕೊಳ್ಳುವುದು ನನಗಿನ್ನೂ ಬಾರದು. ಬಾಯಿಂದ ಹೊರಬಿದ್ದ ಮೇಲೆಯೇ ಅರ್ಥ.

ಗುಬ್ಬಿಯ ಹಜರಾ ಬೀ ಮನೆಯಂಗಳದಲ್ಲಿ ಮಧ್ಯಾಹ್ನ ನಾವು ನಾಲ್ಕೈದು ಹೆಂಗಸರು ಕೂಡುತ್ತೇವೆ. ಅವರೆಲ್ಲ ಹುಣಸೆಹಣ್ಣಿನ ಬೀಜ ಬಿಡಿಸುವಾಗ ನಾನು ಲೈಬ್ರರಿ ಪುಸ್ತಕ ಓದುತ್ತೇನೆ. ಸುಗ್ಗಿಯ ಮೊದಲಲ್ಲಿ ಓದಿದ್ದು ಮಂದಾಕಿನಿ ಎಂಬವಳ ಹಳೇ ಕಾದಂಬರಿ. ಗಂಡ ತವರಿಗೆ ಕಳಿಸಿ ಮರೆತರೂ ಅವಳು ಒಂದು ಕಾಗದ ಬರೆಯುವುದಿಲ್ಲ. ಸಂಜೆ ಬಾಗಿಲಲ್ಲಿ ನಿಂತು ಕಾಯುತ್ತಾಳೆ. ಕೊನೆಗೆ ಅವನೇ ಬಂದು ಕೈಹಿಡಿಯುತ್ತಾನೆ. ಎಲ್ಲರೂ ಅತ್ತಿದ್ದೆವು.

ಹಜರಾ ಬೀ ಮಗಳು ಆಸ್ಮಾಳನ್ನು ಕುಣಿಗಲ್ಲಿನ ಗಂಡ ಮುಜಮ್ಮಿಲ್ ಇಲ್ಲಿ ಬಿಟ್ಟುಹೋಗಿ ಏಳು ತಿಂಗಳು. "ನಾನೇ ಫೋನ್ ಮಾಡ್ಲಾ ಅಜ್ಜಿ?" ಎಂದು ಅವಳು ಕೇಳಿದ್ದಳು. "ಬ್ಯಾಡ ಕಣವ್ವ. ಮಂದಾಕಿನಿ ಕೇಳ್ಕೊಂಡು ಹೋದ್ಳಾ? ತಾನಾಗೇ ಬತ್ತಾನೆ" ಎಂದವಳು ನಾನೇ.

ನಿನ್ನೆ ಲೈಬ್ರರಿಯಲ್ಲಿ ಇನ್ನೊಂದು ಪುಸ್ತಕ ಕೊಟ್ಟರು. ಆ ಕಾದಂಬರಿಯನ್ನೇ ಅಣಕಿಸಿ ಬೇರೆ ಯಾರೋ ಬರೆದದ್ದಂತೆ. ಇವತ್ತು ಅಂಗಳದಲ್ಲಿ ಅದನ್ನು ಓದತೊಡಗಿದೆ. ಈ ಮಂದಾಕಿನಿಯೂ ಬಾಗಿಲಲ್ಲೇ ನಿಲ್ಲುತ್ತಾಳೆ. ಪೋಸ್ಟ್‌ಮ್ಯಾನ್ ಅವಳಿಗೆ ಸೈಕಲ್ ಒರಗಿಸಿ ಕಾಫಿಗೆ ಹೋಗುತ್ತಾನೆ. ಬೀದಿಯವರು ಅವಳ ಕೈಮೇಲೆ ಬಟ್ಟೆ ಒಣಹಾಕುತ್ತಾರೆ.

"ಅಯ್ಯೋ, ನನ್ ಸೀರೆನೂ ಒಂದ್ ಹಾಕ್ಬುಡಿ!" ಎಂದು ಬೀಜ ಬಿಡಿಸುತ್ತಿದ್ದ ರಂಗಲಕ್ಷ್ಮಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಸ್ಮಾಳೂ ನಕ್ಕಳು. ಎಷ್ಟು ದಿನದ ಮೇಲೆ! ನಾನು ಹುರುಪಿನಿಂದ ಅಕ್ಷರ ಕೂಡಿಸಿದೆ.

"ಒಂದು ದಿನ... ಗಂಡ ಅದೇ ಬೀದಿಗೆ... ಬಂದ. ಇಲ್ಲೊಂದು ಕಂಬ... ಮೊದಲೂ ಇತ್ತಾ ಎಂದು... ಹೊಸ ಹೆಂಡತಿಯನ್ನು ಕೇಳಿ... ಮುಂದೆ ಹೋದ."

ರಂಗಲಕ್ಷ್ಮಮ್ಮ ಒಬ್ಬಳೇ ಇನ್ನೊಂದು ಗಳಿಗೆ ನಕ್ಕು, ನಿಲ್ಲಿಸಿದಳು.

"ಇಬ್ರಲ್ಲಿ ಯಾರ್ ನಿಜ ಅಜ್ಜಿ?" ಎಂದಳು ಆಸ್ಮಾ.

"ಇದು ತಮಾಸೆಗೆ ಬರ್ದಿರೋದು ಕಣವ್ವ."

"ಮತ್ತೆ ಅದು?"

ನಾನು ಪುಸ್ತಕ ಮುಚ್ಚಿದೆ.

ಅವಳು ಕೈಯನ್ನೂ ಒರೆಸಿಕೊಳ್ಳದೆ ಫೋನ್ ಹಚ್ಚಿದಳು, ಸ್ಪೀಕರಿನಲ್ಲಿ.

"ಕೌನ್?" ಎಂದು, ಯಾರೆಂದು ಕೇಳಿತು ಮುಜಮ್ಮಿಲನ ದನಿ. ನಂಬರು ಅಳಿಸಿಹಾಕಿದ್ದಾನೆ.

ಆಸ್ಮಾ ತನ್ನ ಹೆಸರು ಹೇಳಿದಳು. ಆ ಕಡೆ ಯಾವುದೋ ಗಾಡಿಯ ಸದ್ದು. ಅಂಗಡಿಯಲ್ಲಿ ಗಿರಾಕಿಗಳಿದ್ದಾರೆ, ಆಮೇಲೆ ಮಾಡ್ತೀನಿ ಎಂದು ಉರ್ದುವಿನಲ್ಲಿ ಹೇಳಿ ಇಟ್ಟುಬಿಟ್ಟ. ಅಷ್ಟು ನನಗೂ ತಿಳಿಯಿತು.

"ಇವತ್ತೇ ಮಾಡ್ತಾರಾ ಅಜ್ಜಿ?"

ಹಜರಾ ಬೀ ನನ್ನ ಮುಖವನ್ನೇ ನೋಡುತ್ತಿದ್ದಳು. ತಾನಾಗೇ ಬತ್ತಾನೆ ಎಂದು ಅಂದು ಅಷ್ಟು ಸಲೀಸಾಗಿ ಹೇಳಿದವಳು ನಾನೇ. ಆಸ್ಮಾ ಫೋನನ್ನು ಮಡಿಲಲ್ಲಿಟ್ಟುಕೊಂಡಳು. ಉಳಿದವರು ಬುಟ್ಟಿ ಎತ್ತಿಕೊಂಡು ಹೋದರು. ನಾನು ಅವಳ ಪಕ್ಕದಲ್ಲೇ ಕೂತೆ.