ನಾಲ್ಕರಲ್ಲಿ ಮೂರನೆಯದು

ದ್ಯಾಮಕ್ಕ ಸೆರಗಿನ ಗಂಟು ಬಿಚ್ಚಿದಾಗ ಮೇಜಿನ ಮೇಲೆ ಮೊದಲು ಉದುರಿದ್ದು ಕುಂಕುಮ. ಅದರ ಹಿಂದೆಯೇ ಹಳೇ ಕಂಪ್ಯೂಟರಿನ ನಾಲ್ಕು ಫ್ಲಾಪಿಗಳು ಒಂದರ ಮೇಲೊಂದು ಜಾರಿ ಬಂದವು. ಕರೀ ಬಣ್ಣ ಕಾಣದಷ್ಟು ಅರಿಷಿಣ ಮೆತ್ತಿತ್ತು. ಒಂದರ ಮೂಲೆಗೆ ಊದಿನಕಡ್ಡಿ ತಾಗಿ ಪ್ಲಾಸ್ಟಿಕ್ ಕರಗಿ ಗುಳಿ ಬಿದ್ದಿತ್ತು. ಚೀಟಿಗಳ ಮೇಲಿನ ಬರಹ ಮಾತ್ರ ಇನ್ನೂ ಓದುವಂತಿತ್ತು: ಹುಲಿಗಿ ಒಂದು, ಹುಲಿಗಿ ಎರಡು, ಮೂರು, ನಾಲ್ಕು. ಅದು ತನ್ನದೇ ಅಕ್ಷರವೆಂದು ಗುರುತು ಹತ್ತಲು ಜಂಬುನಾಥನಿಗೆ ಸ್ವಲ್ಪ ಹೊತ್ತು ಹಿಡಿಯಿತು.

"ಎಲ್ಲಿಟ್ಟಿದ್ರಿ ದ್ಯಾಮಕ್ಕಾ ಇವನ್ನ?"

"ಜಗಲಿ ಮ್ಯಾಲ್ರಿ ಸಾರ್, ದೇವ್ರ ಜೋಡಿ. ಮತ್ತೆಲ್ಲಿ ಇಡ್ಲಿ? ಅಮಾಸಿಗೊಮ್ಮೆ ತಗದು..."

"ತೊಳದ್ರೇನು?"

"ಅಯ್ಯ, ಇಲ್ರಿ. ನೀರು ತಾಕಿಸಬ್ಯಾಡ್ರಿ ಅಂತ ನೀವಾ ಹೇಳಿದ್ರಲ್ಲ. ಒಣಾ ಅರಿವಿಲೆ ಒರಸಿ, ಕುಂಕುಮ ಏರಿಸಿ, ಕಾಯಿ ಒಡೀತಿದ್ದೆ."

ಕುಂಕುಮ ಏರಿಸಬೇಡಿ ಎಂದು ಹೇಳುವುದು ಇಪ್ಪತ್ತಾರು ವರ್ಷದ ಹಿಂದೆ ಅವನಿಗೆ ಹೊಳೆದಿರಲಿಲ್ಲ.

ಆಗ ಅವನು ಸಂಡೂರಿನ ಗುಡ್ಡದ ಮೇಲೆ ಒಂದು ಗಣಿಯ ಆಫೀಸಿನಲ್ಲಿ ಕಂಪ್ಯೂಟರ್ ಆಪರೇಟರ್. ದ್ಯಾಮಕ್ಕ ಅದಿರು ಒಡೆಯುತ್ತಿದ್ದಳು. ಬೆಳಿಗ್ಗೆ ಆಫೀಸಿನ ಕಸ ಗುಡಿಸಲು ಬರುವಾಗ ಏಳು ವರ್ಷದ ಮಗಳು ಹುಲಿಗೆಮ್ಮ ಬಾಲದಂತೆ ಹಿಂದೆ ಬರುತ್ತಿದ್ದಳು. ಮ್ಯಾನೇಜರನ ಮಗ ಆಟ ಆಡಲೆಂದು ಕಂಪ್ಯೂಟರಿಗೆ ಸೌಂಡ್ ಕಾರ್ಡು, ಸ್ಪೀಕರು, ಒಂದು ಮೈಕು ಹಾಕಿಸಿದ್ದರು. ಮಳೆ ಹಿಡಿದು ಲಾರಿಗಳು ನಿಂತ ಒಂದು ದಿನ ಜಂಬುನಾಥ ಆ ಹುಡುಗಿಯನ್ನು ಮೈಕಿನ ಮುಂದೆ ಕೂಡಿಸಿ ಮಾತಾಡಿಸಿದ್ದ. ಒಂಬತ್ತು ನಿಮಿಷ. ತಿಂಗಳೊಪ್ಪತ್ತಿನಲ್ಲಿ ಹುಲಿಗಿಗೆ ಮಿದುಳು ಜ್ವರ ಬಂತು. ಬಳ್ಳಾರಿಯ ಆಸ್ಪತ್ರೆಯಿಂದ ಅವಳನ್ನು ಗಣಿಯ ಜೀಪಿನಲ್ಲಿಯೇ ತಂದರು.

ಆ ಮಗುವಿನ ಒಂದು ಫೋಟೋ ಕೂಡ ಮನೆಯಲ್ಲಿರಲಿಲ್ಲ. ದಿನಕರ್ಮ ಮುಗಿದ ಮೇಲೆ ಜಂಬುನಾಥ ದನಿಯನ್ನು ಫ್ಲಾಪಿಗೆ ತುಂಬಿ ದ್ಯಾಮಕ್ಕನ ಕೈಗಿತ್ತಿದ್ದ. ಈಗಲೇ ಕೇಳಿಸುತ್ತೇನೆ ಬನ್ನಿ ಎಂದರೆ, "ಈಗ ಬ್ಯಾಡ್ರಿ ಸಾರ್, ಎದಿ ಒಡೀತೈತಿ" ಎಂದಿದ್ದಳು. ಆಮೇಲೆ ಅವನು ಹೊಸಪೇಟೆಗೆ ಇಳಿದ. ಅವಳು ಗಂಡ ಗಾದಿಲಿಂಗನ ಊರು ವಡ್ಡುವಿಗೆ ಹೋದಳು, ಅಲ್ಲಿ ಗಂಡನೂ ತೀರಿಹೋದ. ಹೋದ ವಾರ ಆ ಊರಿನ ಹುಡುಗಿಯೊಬ್ಬಳು ಇವನ ಜೆರಾಕ್ಸ್ ಅಂಗಡಿಗೆ ಅರ್ಜಿ ತುಂಬಿಸಲು ಬಂದವಳು, ಮೂಲೆಯಲ್ಲಿ ಗೋಣಿತಾಟಿನ ಕೆಳಗೆ ಕೂತಿದ್ದ ಹಳೇ ಕಂಪ್ಯೂಟರನ್ನು ಕಂಡು ಊರಲ್ಲಿ ಹೇಳಿದಳು. ಅದು ಗಣಿಯ ಅದೇ ಕಂಪ್ಯೂಟರ್. ಗಣಿ ನಿಂತಾಗ ಗುಜರಿಗೆ ಹೊರಟಿದ್ದನ್ನು ಅವನು ಹೊತ್ತು ತಂದಿದ್ದ.

ಮಧ್ಯಾಹ್ನದ ಬಿಸಿಲಿಗೆ ಅಂಗಡಿಯ ಶಟರು ಅರ್ಧ ಇಳಿಸಿ ಅವನು ಆ ಕಂಪ್ಯೂಟರಿನ ಗುಂಡಿ ಒತ್ತಿದ. ಕರೀ ತೆರೆಯ ಮೇಲೆ ಬಿಳೀ ಅಕ್ಷರ ಒಂದೊಂದೇ ಸಾಲು ಏರಿದವು. ಹಿಂದಿನ ಮನೆಯಿಂದ ಚಹಾ ತಂದ ಹೆಂಡತಿ ಅನ್ನಪೂರ್ಣ ಬಾಗಿಲಲ್ಲೇ ನಿಂತು, "ನನ್ನ ಸವತಿ ಎದ್ದಾಳೇನ್ರಿ ಇವತ್ತು?" ಎಂದು ಹಳೇ ಕಂಪ್ಯೂಟರಿನ ಕಡೆ ನೋಡಿ ನಕ್ಕವಳು, ಸ್ಟೂಲಿನ ತುದಿಯಲ್ಲಿ ಕೂತಿದ್ದ ದ್ಯಾಮಕ್ಕನ ಮುಖ ಕಂಡು ಚಹಾ ಇಟ್ಟು ಅಲ್ಲೇ ನಿಂತಳು.

ಜಂಬುನಾಥ ಹತ್ತಿಗೆ ಸ್ಪಿರಿಟ್ ಹಚ್ಚಿ ಫ್ಲಾಪಿಗಳ ಮೈ ಒರೆಸಿದ. ತಗಡಿನ ಬಾಯನ್ನು ಉಗುರಿನಿಂದ ಸರಿಸಿ ಊದಿದ. ಪ್ರತಿಯೊಂದರಿಂದಲೂ ಕೆಂಪು ಧೂಳು ಎದ್ದಿತು.

"ಈ ಕಂಪ್ಯೂಟರ್ ಪೆಟ್ಟಿಗ್ಯಾಗ ಉಳದಿಲ್ಲೇನ್ರಿ ಒಂಚೂರು?"

"ಇಲ್ಲ ದ್ಯಾಮಕ್ಕ. ಜಾಗ ಇರಲಿಲ್ಲ ಆಗ. ಇವಕ್ಕ ಹಾಕಿದ್ದ ದಿನಾನ ಅಳಿಸಿಬಿಟ್ಟೆ." ಅವನು ಮೊದಲನೆಯದನ್ನು ತೂರಿಸಿದ. "ನೋಡ್ರಿ, ಅಂಡಗಿ ಚೀಲಕ್ಕ ಹತ್ತಿ ತುಳೀತಾರಲ್ಲ, ಹಂಗ ದನೀನ ತುಳಿದು ಗಂಟು ಕಟ್ಟೀನಿ. ಗಂಟು ದಪ್ಪಾತು ಅಂತ ನಾಕು ತುಂಡು ಮಾಡೀನಿ. ನಾಕೂ ಸಾಲಾಗಿ ಕೂಡಿದ್ರ ಪೂರ್ತಿ ಬಿಚ್ಚತೈತಿ."

"ಒಂದು ಕೆಟ್ಟಿದ್ರ?"

"ಅಲ್ಲೀ ತನಕ ಅಷ್ಟ."

ಯಂತ್ರ ಗರಗರ ಎಂದಿತು. ದ್ಯಾಮಕ್ಕ ಹೆದರಿ, "ಯಾಕ್ರಿ ಕೆಮ್ಮತೈತಿ?" ಎಂದಳು. ಮೂರು ಸಲ ಮುಗ್ಗರಿಸಿ, ಹಿಂದೆ ಸರಿದು, ಮತ್ತೆ ಓದಿ, ಕಡೆಗೂ ಮೊದಲನೆಯದು ಇಳಿಯಿತು. ಎರಡನೆಯದೂ ಇಳಿಯಿತು. ಅವಳು ಕೈಮುಗಿದುಕೊಂಡೇ ಇದ್ದಳು.

"ಕತಿ ಹೇಳ್ಯಾಳ, ಹಾಡು ಹಾಡ್ಯಾಳ, ಅದೇನೂ ಇಲ್ಲಂದ್ರೂ ನಡೀತೈತಿ ಸಾರ್. ಕಡೀಕ ಅವ್ವಾ ಅಂತ ಕರದಾಳಲ್ರಿ ನನ್ನ? ನಾ ಬಾಗಲದಾಗ ಕಸಬರಿಗಿ ಹಿಡಕೊಂಡು ನಿಂತಿದ್ದೆ. ಅದೊಂದು ಕೇಳಿಸ್ರಿ. ಕನಸಿನಾಗ ಬರ್ತಾಳ, ಬಾಯಿ ಆಡಸ್ತಾಳ, ದನಿ ಬರಂಗಿಲ್ರಿ. ಹೆಂಗಿತ್ತು ಅಂತ ನನಗ ಮರತಾ ಹೋಗೇತಿ."

ಜಂಬುನಾಥನಿಗೂ ಅದು ನೆನಪಿತ್ತು. ಹುಲಿಗಿ ಮೈಕು ಬಿಟ್ಟೆದ್ದು, ಅವ್ವಾ ಎಂದು ಕೂಗಿಕೊಂಡು ಬಾಗಿಲಿಗೆ ಓಡಿದ್ದಳು. ಕೂಗಿನೊಂದಿಗೇ ಅವನು ರೆಕಾರ್ಡಿಂಗ್ ನಿಲ್ಲಿಸಿದ್ದ.

ಮೂರನೆಯದನ್ನು ಹಾಕಿದ. ಅದು ಕೆಮ್ಮಲಿಲ್ಲ, ಮುಗ್ಗರಿಸಲಿಲ್ಲ. ಮೂರನೇ ತುಂಡು ಇದರಲ್ಲಿಲ್ಲ ಎಂದು ತೆರೆಯ ಮೇಲೆ ಒಂದು ಸಾಲು ಬಂತು. ತೆಗೆದು ಮತ್ತೆ ಹಾಕಿದ, ಅದೇ ಸಾಲು. ಒಳಗೇನಿದೆಯೆಂದು ತೆರೆದು ನೋಡಿದ. ಲಾರಿ ನಂಬರು, ಟನ್ನು, ಬಿಟ್ಟ ಹೊತ್ತು. ಲಾರಿ ನಂಬರು, ಟನ್ನು, ಬಿಟ್ಟ ಹೊತ್ತು. ಒಂದಕ್ಷರ ಮಾಸದೆ, ಆ ವಾರ ಗುಡ್ಡ ಇಳಿದ ಲಾರಿಗಳ ಪಟ್ಟಿ ಉದ್ದಕ್ಕೂ ಹರಿಯಿತು.

ಪಟ್ಟಿ ನೋಡುತ್ತಲೇ ಅವನಿಗೆ ನೆನಪಾಯಿತು. ಹುಲಿಗಿಯ ದನಿ ತುಂಬಿದ ಸಂಜೆ ಮೇಜಿನ ಮೇಲೆ ಇದ್ದದ್ದು ನಾಲ್ಕಲ್ಲ, ಐದು ಫ್ಲಾಪಿ. ಒಂದು ಹೊಸಪೇಟೆಯ ಆಫೀಸಿಗೆ ಹೋಗಬೇಕಾದ ಲಾರಿ ಪಟ್ಟಿ. ಕೆಳಗೆ ಸ್ಟಾಫ್ ಬಸ್ಸು ಹಾರನ್ ಹೊಡೆಯುತ್ತಿತ್ತು. ಚೀಟಿಗಳನ್ನು ಮೊದಲೇ ಬರೆದಿಟ್ಟುಕೊಂಡು, ಕಡೆಗೆ ಎಲ್ಲಕ್ಕೂ ಒಟ್ಟಿಗೇ ಅಂಟಿಸಿ ಓಡಿದ್ದ. ಎರಡು ದಿನಕ್ಕೆ ಆಫೀಸಿನಿಂದ ಫೋನು ಬಂದಿತ್ತು: "ಏನಲೇ ಜಂಬ್ಯಾ, ಏನೋ ಕಸ ಕಳಿಸೀಯಲ್ಲ. ಅಳಿಸಿ ಇಟ್ಕೊಂಡೀನಿ, ಪಟ್ಟಿ ಇನ್ನೊಮ್ಮೆ ಕಳಸು." ಇನ್ನೊಮ್ಮೆ ಕಳಿಸಿದ್ದ. ಏನು ಕಸ ಎಂದು ಕೇಳಿರಲಿಲ್ಲ.

"ಏನಾತ್ರಿ?"

"ದ್ಯಾಮಕ್ಕ, ತಪ್ಪಾಗೈತಿ." ಹೇಳದೆ ಇರಬಹುದಿತ್ತು. ಕೆಟ್ಟಿದೆ ಎಂದಿದ್ದರೆ ಮುಗಿಯುತ್ತಿತ್ತು. "ಇದು ಹುಲಿಗೀದಲ್ಲ. ಆಫೀಸಿಂದು. ಚೀಟಿ ಹಚ್ಚೂದ್ರಾಗ ನಾನಾ ಅದಲಬದಲ ಮಾಡೀನಿ. ಆಕಿದು ಅವತ್ತ ಆಫೀಸಿಗೆ ಹೋಗಿ ಅಳಿಸಿ ಹೋಗೈತಿ."

ಅವಳು ತೆರೆಯ ಕಡೆ ನೋಡಲೇ ಇಲ್ಲ, ಓದು ಬರುತ್ತಿರಲಿಲ್ಲ. ಫ್ಲಾಪಿಯನ್ನು ಎತ್ತಿಕೊಂಡು ತಗಡಿನ ಅಂಚಿಗೆ ಇನ್ನೂ ಉಳಿದಿದ್ದ ಕೆಂಪನ್ನು ಬೆರಳಿನಿಂದ ಮುಟ್ಟಿದಳು.

"ಕುಂಕುಮ ಒಳಗ ಹೋಗೈತಲ್ರಿ."

"ಇಲ್ಲ. ಕುಂಕುಮದಿಂದ ಏನೂ ಆಗಿಲ್ಲ. ನಾಕರಾಗ ಚೊಲೋ ಓದಿದ್ದು ಇದಾ."

"ನಾನಾ ಅಲ್ರಿ ತಿಕ್ಕಿ ತಿಕ್ಕಿ ಏರಿಸಿದಾಕಿ."

"ದ್ಯಾಮಕ್ಕ, ಕೇಳ್ರಿ ಇಲ್ಲಿ. ನೀವು ಏರಿಸಿದ್ದು ಲಾರಿ ಪಟ್ಟೀಗೆ. ಅದಕ್ಕ ಏನೂ ಆಗಿಲ್ಲ. ಆಕಿ ಇದರಾಗ ಯಾವತ್ತೂ ಇರಲಿಲ್ಲ. ತಪ್ಪು ನಂದು. ಬೈರಿ ನನ್ನ."

ದ್ಯಾಮಕ್ಕ ತಲೆ ಎತ್ತಿ ಅವನನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿದ್ದಿದ್ದರೆ ಅವನು ತಡೆದುಕೊಳ್ಳುತ್ತಿದ್ದ.

"ನೀವು ಭಾಳ ದೊಡ್ಡವ್ರು ಸಾರ್. ಬಳ್ಳಾರಿ ಡಾಕ್ಟ್ರೂ ಹಿಂಗ ಅಂದ್ರು. ನಿನ್ನ ತಪ್ಪೇನಿಲ್ಲ ತಾಯಿ ಅಂತ. ಎರಡು ದಿನ ನಾನು ಅಂತ್ರ ತಾಯತ ಕಟ್ಟಿಸಿ ಮನ್ಯಾಗ ಇಟ್ಕೊಂಡಿದ್ದೆ ಕೂಸಿನ್ನ. ತಡ ಮಾಡಿದಾಕಿ ನಾನಾ ಅಂತ ಅವ್ರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು."

"ಅಕ್ಕಾ," ಬಾಗಿಲಿನಿಂದ ಅನ್ನಪೂರ್ಣ ಮೆಲ್ಲಗೆ ಎಂದಳು, "ಇವ್ರು ಸುಳ್ಳು ಹೇಳೋ ಪೈಕಿ ಅಲ್ಲ."

"ಹೌದವ್ವಾ. ಅಭ್ಯಾಸ ಇಲ್ಲ, ಅದಕ್ಕ ಸುಳ್ಳು ಹೊಂದವಲ್ದು ಅವ್ರಿಗೆ. ನೋಡು ಹೆಂಗ ಬೆವತಾರ." ದ್ಯಾಮಕ್ಕ ನಾಲ್ಕನೆಯದನ್ನು ಮುಂದೆ ಚಾಚಿದಳು. "ಇದನ್ನ ಹಾಕ್ರಿ. ಅವ್ವಾ ಅಂದಿದ್ದು ಕಡೀಕ ಅಲ್ರಿ, ಇದರಾಗ ಇರ್ತೈತಿ."

"ಇದರಾಗಾ ಐತಿ. ಆದ್ರ ಹಿಂದಿನ ತುಂಡು ಇಲ್ಲದ ಇದು ಬಿಚ್ಚಂಗಿಲ್ಲ."

ಅವಳು ಅದನ್ನು ಸ್ವಲ್ಪ ಹೊತ್ತು ಅಂಗೈಯಲ್ಲಿ ತೂಗಿದಳು. ನಂತರ ಮೇಜಿನ ಮೇಲಿಟ್ಟಳು.

ಹರಿದ ಗಂಟನ್ನು ಇದ್ದಷ್ಟು ಬಿಚ್ಚುವ ಸಣ್ಣದೊಂದು ಪ್ರೋಗ್ರಾಂ ಅವನ ಬಳಿ ಇತ್ತು. ಎರಡು ತುಂಡು ಕೂಡಿಸಿ ಅದಕ್ಕೆ ಕೊಟ್ಟ. ನಾಲ್ಕು ನಿಮಿಷ ಚಿಲ್ಲರೆ ಸಿಕ್ಕಿತು. ಸ್ಪೀಕರಿನ ಧೂಳು ಒರೆಸಿ ಗುಂಡಿ ಒತ್ತಿದ.

ಮೊದಲು ಬಂದದ್ದು ಅವನದೇ ದನಿ. ಮೂವತ್ತು ದಾಟದ ವಯಸ್ಸಿನ, ಲವಲವಿಕೆಯ, ತನ್ನ ಮಾತಿಗೆ ತಾನೇ ನಗುವ ದನಿ. "ಹೇಳಲೇ ಹುಲಿಗಿ, ನಾಚಿಗಿ ಏನು? ಇದರಾಗ ಯಾರೂ ಇಲ್ಲ, ಕಡಿಯಂಗಿಲ್ಲ. ಪೆಪ್ಪರಮೆಂಟ್ ಕೊಡ್ಲಾ?"

"ಹೂಂ."

ದ್ಯಾಮಕ್ಕನ ಬೆನ್ನು ನೆಟ್ಟಗಾಯಿತು. ಆದರೆ ಮತ್ತೆ ಅವನೇ. ಮೈಕೆಂದರೇನೆಂದು ಹೇಳಿದ. ಮ್ಯಾನೇಜರನಂತೆ ಮೂಗಿನಲ್ಲಿ ಮಾತಾಡಿ ತೋರಿಸಿದ. ಒಂದು ಹಾಡಿನ ತುಣುಕು ಹಾಡಿದ, ಕೋಳಿಯಂತೆ ಕೂಗಿದ. ಕೇಳುತ್ತ ಕೂತ ಜಂಬುನಾಥನಿಗೆ ಆ ದನಿಯ ಕುತ್ತಿಗೆ ಹಿಸುಕಬೇಕೆನಿಸಿತು. ಬಾಯಿ ಮುಚ್ಚಲೇ, ಆ ಕೂಸಿಗೆ ಮಾತಾಡಾಕ ಬಿಡು. ನಾಲ್ಕು ನಿಮಿಷದಲ್ಲಿ ಹುಡುಗಿಯದು ಎರಡು ಹೂಂ, ಒಂದು ಕಿಸಕ್ಕನೆ ನಗು. ಕಡೆಗೆ ಉಸಿರೆಳೆದುಕೊಂಡು, "ಒಂದೂರಾಗ ಒಬ್ಬಾಕಿ" ಎಂದಳು. ಅಲ್ಲಿಗೆ ನಿಂತಿತು.

ಹೊರಗೆ ಯಾರೋ ಶಟರು ಬಡಿದು, "ಜೆರಾಕ್ಸ್ ಐತೇನ್ರೀ?" ಎಂದು ಕೂಗಿ ಹೋದರು.

"ಇಷ್ಟು ಸಣ್ಣಕಿತ್ತೇನ್ರಿ ಆಕಿ ದನಿ?" ಎಂದಳು ದ್ಯಾಮಕ್ಕ. ಅತ್ತಿರಲಿಲ್ಲ. "ಇನ್ನೊಮ್ಮೆ ಹಚ್ರಿ."

ಎರಡನೇ ಸಲ ಅವನು ತನ್ನ ದನಿ ಬಂದಲ್ಲೆಲ್ಲ ಸ್ಪೀಕರಿನ ಕಿವಿ ತಿರುವಿ ತಗ್ಗಿಸತೊಡಗಿದ. ಅವಳು ಬೇಡವೆಂದು ಕೈ ಆಡಿಸಿದಳು. ಮೂರನೇ ಸಲ ನಡುವೆ ಒಂದು ಕಡೆ, "ತಡೀರಿ, ಇಲ್ಲಿ" ಎಂದಳು. ನಿಮ್ಮವ್ವ ಎಲ್ಲಿದಾಳಲೇ ಎಂದು ಅವನು ಕೇಳಿದ್ದ ಜಾಗ. ಹುಡುಗಿ ಉತ್ತರ ಕೊಟ್ಟಿರಲಿಲ್ಲ. ಅವನೂ ಆಗೊಮ್ಮೆ ಸುಮ್ಮನಿದ್ದ. ಆರೇಳು ಸೆಕೆಂಡು ಏನೂ ಇರಲಿಲ್ಲ.

"ಇದನ್ನಷ್ಟಾ ಹಚ್ರಿ."

ಹಚ್ಚಿದ.

ಅವಳು ಸ್ಟೂಲು ಎಳೆದುಕೊಂಡು ಸ್ಪೀಕರಿಗೆ ಕಿವಿ ಆನಿಸಿದಳು. "ಕೇಳ್ರಿ, ಮೂಗು ಏರಸ್ತಾಳ. ನೆಗಡಿ ಹತ್ತಿತ್ರಿ ಆ ವಾರ. ಅರಿವಿ ಕೊಟ್ರೂ ಒರಸಿಕೊಂತಿದ್ದಿಲ್ಲ, ಹಂಗಾ ಒಳಗ ಜಗ್ಗಾಕಿ. ಕೇಳಿತಿಲ್ರಿ? ಈಗ. ಈಗ ನೋಡ್ರಿ."

ಜಂಬುನಾಥ ಬಗ್ಗಿ ಕೇಳಿದ. ಅವನಿಗೆ ಕೇಳಿದ್ದು ಗುಡ್ಡದ ಮೇಲೆ ತಗಡಿನ ಮಾಡಿಗೆ ಬೀಳುತ್ತಿದ್ದ ಮಳೆ ಮಾತ್ರ. ಅನ್ನಪೂರ್ಣ ಚಹಾದ ಲೋಟ ಎತ್ತಿಕೊಂಡು ಬಿಸಿ ಮಾಡಿ ತರಲು ಒಳಗೆ ಹೋದಳು. ಅವನು ತೆರೆಯ ಮೇಲೆ ದನಿಯ ಜೊತೆ ಸರಿಯುವ ಗೆರೆಯನ್ನು ಹಿಂದಕ್ಕೆ ಸರಿಸಿ ಮತ್ತೆ ಒತ್ತಿದ. ಮತ್ತೆ ಒತ್ತಿದ.