ಎರಡು ಸಾಲು ಹೊಲಿಗೆ

"ತಲೆ ಕಡೆ ಎತ್ರೋ! ಕಾಲು ಮೊದ್ಲು ಬರ್ಲಿ!"

ಮೂರನೇ ಮಹಡಿಯ ಮೆಟ್ಟಿಲ ತಿರುವಿನಲ್ಲಿ ಸ್ಟ್ರೆಚರ್ ಸಿಕ್ಕಿಕೊಂಡಿತ್ತು. ಚಿಕ್ಕಪ್ಪ ಮೇಲೆ ನಿಂತು ಅಪ್ಪಣೆ ಕೊಡುತ್ತಿದ್ದರೇ ಹೊರತು ಕೈ ಹಚ್ಚಲಿಲ್ಲ. ಹೊರಲು ಬಂದವರು ಮೂವರೇ. ನಾಲ್ಕನೆಯ ಮೂಲೆಯನ್ನು ದರ್ಜಿ ಅಕ್ಕ ತಾನೇ ಹಿಡಿದಿದ್ದಳು. ಕೊಲೆ ಮಾಡಿ ಹದಿನಾಲ್ಕು ವರ್ಷ ಜೈಲಿನಲ್ಲಿದ್ದು ಬಂದ ತಮ್ಮನ ಹೆಣಕ್ಕೆ ಇಷ್ಟು ಜನ ಸೇರಿದ್ದೇ ಹೆಚ್ಚು.

"ಹುಟ್ಟಿನಿಂದ್ಲೇ ಹಾಗೆ ಅವ್ನು," ಚಿಕ್ಕಪ್ಪ ನಿಟ್ಟುಸಿರಿಟ್ಟರು. "ಮೂಗಿನ ತುದೀಲೇ ಸಿಟ್ಟು. ಅವರಪ್ಪನ ಪಡಿಯಚ್ಚು."

"ಅಂಥಾ ಕಾರ್ಖಾನೇಲಿದ್ರೆ ಸಾಧುನೂ ಕೊಲೆ ಮಾಡ್ತಾನೆ ಬಿಡಿ," ಎಂದ ಕೆಳಗಿನ ಮೂಲೆ ಹಿಡಿದಿದ್ದ ಫಿಟ್ಟರ್, ತಮ್ಮನ ಜೊತೆ ಕೆಲಸ ಮಾಡಿದವನು, ಏದುಸಿರು ಬಿಡುತ್ತ. "ಆ ಮೇಸ್ತ್ರಿ ಬೈಯೋಕೆ ಬಾಯಿ ತೆಗೆದ್ರೆ ಅವ್ವ ಅಪ್ಪನೇ ಬರ್ತಿದ್ರು."

ಅಕ್ಕ ತನ್ನ ಮೂಲೆಯನ್ನು ಇನ್ನಷ್ಟು ಎತ್ತಿ ಹಿಡಿದಳು. ಅವಳಿಗೆ ಮಾತ್ರ ಗೊತ್ತಿದ್ದ ಸಂಗತಿಯೊಂದಿತ್ತು. ಅದನ್ನು ಕೇಳಬೇಕಾದವಳು, ಕೊಲೆಯಾದ ಮೇಸ್ತ್ರಿಯ ಹೆಂಡತಿ, ಕೆಳಗೆ ಗೇಟಿನ ಹತ್ತಿರ ನಿಂತಿದ್ದಳು. ಇವತ್ತು ಹೇಳದಿದ್ದರೆ ಇನ್ನು ಯಾವತ್ತೂ ಹೇಳಲಾರೆ ಎಂದು ಅಕ್ಕನಿಗೆ ಅನ್ನಿಸಿತ್ತು.

*

ಚಿಕ್ಕಂದಿನಲ್ಲಿ ಅಪ್ಪನ ಬೆಲ್ಟು ಅಕ್ಕ ತಮ್ಮ ಇಬ್ಬರ ಬೆನ್ನ ಮೇಲೂ ಆಡಿತ್ತು. ಅವಳು ಬಿಕ್ಕಿ ಬಿಕ್ಕಿ ಸುಮ್ಮನಾಗುತ್ತಿದ್ದಳು. ಅವನು ಬೀದಿಗಿಳಿದು ಸಿಕ್ಕವರಿಗೆ ಹೊಡೆದು ಬರುತ್ತಿದ್ದ. ಒಂದೇ ಹೊಟ್ಟೆ, ಒಂದೇ ಬೆಲ್ಟು, ಆದರೂ ಹೀಗೆ. ಯಾಕೋ ದೇವರೇ ಬಲ್ಲ. ಕೊನೆಗೆ ಅವಳೇ ಉಪಾಯ ಹೇಳಿಕೊಟ್ಟಳು: "ಸಿಟ್ಟು ಬಂದ್ರೆ ಎರಡೂ ಕೈ ಜೇಬಿಗೆ ಹಾಕ್ಕೋ. ಇಳಿಯೋವರೆಗೂ ತೆಗೀಬೇಡ."

ತಮ್ಮ ಇಪ್ಪತ್ತು ವರ್ಷ ಹಾಗೇ ಬಾಳಿದ. ಕಾರ್ಖಾನೆಯಲ್ಲಿ ಅವನಿಗೆ ಜೇಬಣ್ಣ ಎಂದೇ ಹೆಸರು. ಮೇಸ್ತ್ರಿ ಹತ್ತು ಜನರೆದುರು ಮಾನ ಕಳೆದರೂ ಜೇಬಣ್ಣ ಹಲ್ಲು ಕಚ್ಚಿ, ಕೈಗಳನ್ನು ಜೇಬಿಗಿಳಿಸಿ ಕಂಬದಂತೆ ನಿಲ್ಲುತ್ತಿದ್ದ.

ಆಮೇಲೆ ಬೋಲ್ಟುಗಳು ಕಳುವಾಗತೊಡಗಿದವು. ಕೆಲಸಗಾರರ ಪ್ಯಾಂಟಿನ ಜೇಬುಗಳನ್ನೆಲ್ಲ ಹೊಲಿದು ಮುಚ್ಚಬೇಕೆಂದು ಅಪ್ಪಣೆಯಾಯಿತು. ಆ ಕೆಲಸ ಅಕ್ಕನಿಗೇ ಸಿಕ್ಕಿತು. ನಲವತ್ತು ಪ್ಯಾಂಟು, ಎರಡು ದಿನ. ತಮ್ಮನದು ಬಂದಾಗ ಮೆಷಿನ್ನಿನ ಮೇಲಿನ ಕೈ ನಿಂತಿತು. ಅವನದೊಂದನ್ನೇ ಬಿಟ್ಟರೆ ಅವನನ್ನೇ ಕಳ್ಳ ಎಂದಾರು ಎಂಬ ಹೆದರಿಕೆಗೆ, ಅದಕ್ಕೆ ಎರಡು ಸಾಲು ಹೊಲಿಗೆ ಹಾಕಿಬಿಟ್ಟಳು. ಮೂರನೇ ದಿನ ಮೇಸ್ತ್ರಿ ಬೈದಾಗ ತಮ್ಮನ ಕೈಗೆ ಜೇಬು ಸಿಗಲಿಲ್ಲ, ಸ್ಪ್ಯಾನರು ಸಿಕ್ಕಿತು.

*

ಗೇಟಿನ ಬಳಿ ಸ್ಟ್ರೆಚರ್ ಇಳಿಸಿ ಉಸಿರು ತೆಗೆದುಕೊಳ್ಳುವಾಗ ಅಕ್ಕ ಮೇಸ್ತ್ರಿಯ ಹೆಂಡತಿಯ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದಳು.

"ನಾನು ಹೊಲೀದೇ ಇದ್ದಿದ್ರೆ ನಿಮ್ಮ ಯಜಮಾನ್ರು ಉಳೀತಿದ್ರು ಕಣಮ್ಮ."

ಮೇಸ್ತ್ರಿಯ ಹೆಂಡತಿ ಕೊನೆಯವರೆಗೂ ಕೇಳಿಸಿಕೊಂಡಳು. "ಅವರ ಪ್ಯಾಂಟಿನ ಜೇಬೂ ನೀವೇ ಹೊಲಿದ್ರಿ," ಎಂದಳು. "ನಲವತ್ತು ಜನರದೂ ಹೊಲಿದ್ರಿ. ಮಿಕ್ಕವರು ಯಾರನ್ನ ಕೊಂದ್ರು?"

ಇಷ್ಟು ವರ್ಷ ತನಗೇ ಈ ಪ್ರಶ್ನೆ ತೋಚಲಿಲ್ಲವಲ್ಲ ಎಂದು ಅಕ್ಕನಿಗೆ ನಾಚಿಕೆಯಾಯಿತು. ಎದೆಯ ಭಾರ ಮಾತ್ರ ಇದ್ದಲ್ಲೇ ಇತ್ತು.

"ಅವರನ್ನ ಕೊಂದ ಆ ಕೈ ತೋರಿಸಿ. ಕೋರ್ಟಲ್ಲಿ ದೂರದಿಂದ ನೋಡಿದ್ದಷ್ಟೇ," ಎಂದಳು ಆಕೆ.

ಅಕ್ಕ ಹೊದಿಕೆ ಸರಿಸಿದಳು. ಬಲಗೈ ಮುಷ್ಟಿ ಕಟ್ಟಿಕೊಂಡೇ ಸೆಟೆದಿತ್ತು. ಮೇಸ್ತ್ರಿಯ ಹೆಂಡತಿ ಮಂಡಿಯೂರಿ, ಹೆಬ್ಬೆರಳು ಹಿಡಿದು ಬಿಡಿಸಲು ನೋಡಿದಳು, ಆಗಲಿಲ್ಲ. ಹೊತ್ತಾಯ್ತು, ಎತ್ತಿ ಎಂದು ಚಿಕ್ಕಪ್ಪ ಹಿಂದಿನಿಂದ ಕೂಗುತ್ತಿದ್ದರು. ಅಕ್ಕ ಎದುರು ಬದಿಗೆ ಕೂತು ಕಿರುಬೆರಳಿಗೆ ಕೈ ಹಾಕಿದಳು.