ಸ್ವಂತ ಗಾಲಿ

ಶಾಲಾ ರೋಬೋ ಸ್ಪರ್ಧೆಗೆ ಮೊದಲಿನ ಪರೀಕ್ಷಾರ್ಥ ಓಟ ಮುಗಿಯುವ ಮೊದಲೇ ಎಡಗಡೆಯ ಗಾಲಿ ನಿಂತುಹೋಯಿತು. ಬಲಗಡೆಯದು ಮಾತ್ರ ತಿರುಗುತ್ತಿದ್ದುದರಿಂದ ರೋಬೋ ಇದ್ದಲ್ಲೇ ಗಿರಗಿರ ಸುತ್ತಿ, ಎತ್ತಿಕೊಂಡಿದ್ದ ಮರದ ತುಂಡನ್ನು ತೀರ್ಪುಗಾರರ ಕಾಲ ಬಳಿ ಬೀಳಿಸಿತು. ಅಕ್ಷಿತಾ ಸ್ವಿಚ್ಚು ಆರಿಸಿದಳು. ಗೋಡೆಗೊರಗಿ ನಿಂತಿದ್ದ ಅವಳ ಅಪ್ಪ ದೇವರಾಜುವಿಗೆ ಹತ್ತಿರ ಹೋಗುವ ಮೊದಲೇ ಗೊತ್ತಾಯಿತು, ಹೋದದ್ದು ಹಲ್ಲುಚಕ್ರ. ಅದು ಮುರಿದ ಸದ್ದು ಅವನ ಕಿವಿಗೆ ಬಿದ್ದಿತ್ತು.

ಹಲ್ಲುಚಕ್ರ ಮಾಡಿಸಿದವನು ಅವನೇ. ಪಾಂಡವಪುರದ ಲೇತ್ ಅಂಗಡಿಯಲ್ಲಿ ಎದುರಿಗೆ ಕೂತು ಕಡೆಸಿ, ಹಳೆಯ ಸೈಕಲ್ಲಿನ ಚೈನು ಹಾಕಿಸಿ, ಕಬ್ಬಿಣದ ಚೌಕಟ್ಟು ಬೆಸೆಸಿದ್ದ. ಅಕ್ಷಿತಾ ಓದುತ್ತಿದ್ದ ಪಾಂಡವಪುರದ ಹೈಸ್ಕೂಲಿಗೆ ರೋಬೋ ಮಾಡುವ ಕಿಟ್ಟು ಮೊದಲೇ ಬಂದಿತ್ತು. ಸಮನಾಗಿ ತೂತು ಕೊರೆದ ಹಗುರ ತಗಡು, ಮೋಟಾರು, ಗೇರು, ಗಾಲಿ. ಬೋಲ್ಟು ಬಿಗಿದರೆ ಓಡುವ ಬೇಸು ಸಿದ್ಧ. ಬೇಸನ್ನು ಕಿಟ್ಟಿನಲ್ಲಿದ್ದ ಹಾಗೆಯೇ ಜೋಡಿಸಿ, ನಿಮ್ಮ ಬುದ್ಧಿಯನ್ನೆಲ್ಲ ತುಂಡು ಎತ್ತುವ ಕೈಗೆ ಹಾಕಿ ಎಂದು ವಿಜ್ಞಾನದ ಮೇಷ್ಟ್ರು ರವೀಂದ್ರ ಹೇಳಿದ್ದರು. ಅಕ್ಷಿತಾಳಿಗೂ ಅದೇ ಸರಿ ಅನ್ನಿಸಿತ್ತು. ಆದರೆ ಕೆ.ಆರ್. ಪೇಟೆಯ ಶಾಲೆಯವರೂ ಅದೇ ಕಿಟ್ಟಿನ ಬೇಸು ಹಾಕುತ್ತಿದ್ದಾರೆ ಎಂಬ ಸುದ್ದಿ ಮನೆಗೆ ಬಂತು. ಆ ತಂಡದ ಮುಂದಾಳು ಚೈತ್ರ, ದೇವರಾಜುವಿನ ಅಣ್ಣನ ಮಗಳು. ಅಲ್ಲಿಗೆ ತೀರ್ಮಾನವಾಗಿಹೋಯಿತು.

"ಅವ್ರುದ್ದೇ ತರ ನಾವ್ಯಾಕೆ ಮಾಡಾದು? ನಮ್ದು ನಮಗಿರ್ಲಿ," ಎಂದ ದೇವರಾಜು. ಕಿಟ್ಟಿನ ತಗಡನ್ನು ಗರಗಸದಿಂದ ಕೊಯ್ದು, ಅದರ ಮೋಟಾರುಗಳನ್ನು ಕಬ್ಬಿಣದ ಚೌಕಟ್ಟಿಗೆ ಕೂರಿಸಿದ. ಡೇರಿಗೆ ಹಾಲು ಹಾಕಲು ಬಂದವರಿಗೆಲ್ಲ ಓಡಿಸಿ ತೋರಿಸಿದ. ಮಕ್ಕಳ ಕೆಲಸಕ್ಕೆ ಇಷ್ಟು ಮೈ ಬಗ್ಗಿಸುವ ಅಪ್ಪಂದಿರೇ ಅಪರೂಪ ಎಂದು ರವೀಂದ್ರ ಮೇಷ್ಟ್ರು ಸುಮ್ಮನಾದರು. ಅವರು ಸುಮ್ಮನಾಗಬಾರದಿತ್ತು.

ಅಣ್ಣ ತಿಮ್ಮರಾಜುವೂ ತಮ್ಮ ದೇವರಾಜುವೂ ಪಾಲಾದದ್ದು ಜಗಳವಿಲ್ಲದೆ. ಗದ್ದೆ, ತೆಂಗು, ಕೊಟ್ಟಿಗೆ ಎಲ್ಲವೂ ಸಲೀಸಾಗಿ ಹಂಚಿಕೆಯಾದವು. ಕೊನೆಗೆ ಗುದ್ದಲಿ, ಪಿಕಾಸಿಗೆ ಬಂದಾಗ ದೇವರಾಜು ಇವನ್ನೇನು ಹಂಚುವುದು, ಬೇಕಾದಾಗ ತಗೊಂಡು ಹೋಗುತ್ತೇನೆ ಎಂದ. ತಿಮ್ಮರಾಜು ನಗುತ್ತಲೇ, "ಇಸ್ಕಂಡು ಬಾಳಾದು ನಿಂಗೆ ಮೊದ್ಲಿಂದ್ಲೂ ಅಭ್ಯಾಸ ಬುಡು," ಎಂದ. ಸೇರಿದ್ದ ಹಿರಿಯರೂ ನಕ್ಕರು. ದೇವರಾಜು ನಗಲಿಲ್ಲ. ಅಂದಿನಿಂದ ಅಣ್ಣನ ಮನೆಯಿಂದ ಅವನು ಒಂದು ಹಗ್ಗವನ್ನೂ ಕೇಳಿ ತಂದವನಲ್ಲ, ಮಾತನ್ನೂ ಆಡಿದವನಲ್ಲ. ಅಣ್ಣ ಮಗಳನ್ನು ಕೆ.ಆರ್. ಪೇಟೆಗೆ ಓದಲು ಕಳಿಸಿದನೆಂದು ಇವನು ತನ್ನ ಮಗಳನ್ನು ಪಾಂಡವಪುರಕ್ಕೆ ಕಳಿಸಿದ. ಊರಲ್ಲಿ ಎಲ್ಲರ ಪವರ್ ಟಿಲ್ಲರೂ ಒಂದೇ ಕಂಪನಿಯದು. ಒಬ್ಬನದು ಕೆಟ್ಟರೆ ಇನ್ನೊಬ್ಬನ ಬೆಲ್ಟು, ಬೋಲ್ಟು ಹಾಕಿಕೊಂಡು ಉಳುಮೆ ಮುಗಿಸುತ್ತಾರೆ. ದೇವರಾಜು ಹುಡುಕಿ ಹುಡುಕಿ ಬೇರೆ ಕಂಪನಿಯದನ್ನು ತಂದ. ನಾಟಿಯ ಹೊತ್ತಿಗೆ ಸರಿಯಾಗಿ ಅದರ ಗೇರು ಹೋಯಿತು. ಬಿಡಿಭಾಗ ಮೈಸೂರಿನಲ್ಲೂ ಸಿಗದೆ, ನೀರು ಕಟ್ಟಿದ ಗದ್ದೆ ಹಾಗೇ ಬಿದ್ದಿತ್ತು. ಎರಡು ಮನೆಗಳ ನಡುವಿನ ಗೋಡೆಯ ಆಚೆ ಅಣ್ಣನ ಟಿಲ್ಲರು ಕೆಲಸ ಮುಗಿಸಿ ನೆರಳಲ್ಲಿ ನಿಂತಿತ್ತು. ಆ ವರ್ಷ ಊರಿಗೆಲ್ಲ ಕೊನೆಯದು ದೇವರಾಜುವಿನ ನಾಟಿ. ತಡವಾಗಿ ನಾಟಿ ಮಾಡಿದರೆ ಹುಳದ ಕಾಟ ಕಡಿಮೆ ಎಂದು ಅವನು ಕೇಳಿದವರಿಗೂ ಕೇಳದವರಿಗೂ ಹೇಳಿಕೊಂಡು ತಿರುಗಿದ.

ಈಗ ಸ್ಪರ್ಧೆ ನಡೆಯುತ್ತಿದ್ದ ಶ್ರೀರಂಗಪಟ್ಟಣದ ಕಾಲೇಜಿನ ಸಭಾಂಗಣದಲ್ಲಿ ಅವನ ಹಲ್ಲುಚಕ್ರ ಎರಡು ಹೋಳಾಗಿ ಮೇಜಿನ ಮೇಲೆ ಬಿದ್ದಿತ್ತು. ಭಾನುವಾರ, ಲೇತ್ ಅಂಗಡಿ ಮುಚ್ಚಿರುತ್ತದೆ. ಮೊದಲ ಸುತ್ತಿನಲ್ಲಿ ಯಾರ ಎದುರು ಯಾರು ಎಂಬುದನ್ನು ಆಗಲೇ ಗೋಡೆಗೆ ಅಂಟಿಸಿದ್ದರು. ಪಾಂಡವಪುರದ ಎದುರು ಕೆ.ಆರ್. ಪೇಟೆ. ರೋಬೋ ಓಡದಿದ್ದರೆ ಕೆ.ಆರ್. ಪೇಟೆಯವರು ಕೂತಲ್ಲೇ ಗೆದ್ದಂತೆ. ಅಕ್ಷಿತಾ ಮಾಡಿದ ತುಂಡು ಎತ್ತುವ ಕೈ ಸರಿಯಾಗಿಯೇ ಇದೆ, ಅದನ್ನು ಕಿಟ್ಟಿನ ಬೇಸಿಗೆ ಕೂರಿಸಿದರೆ ಆಯಿತು, ಆದರೆ ಬೇಸಿಗೆ ಎಲ್ಲಿಗೆ ಹೋಗುವುದು ಎಂದರು ರವೀಂದ್ರ ಮೇಷ್ಟ್ರು. ಎಲ್ಲಿದೆ ಎಂದು ಎಲ್ಲರಿಗೂ ಕಾಣುತ್ತಿತ್ತು. ಎರಡು ಮೇಜಿನ ಆಚೆ, ಕೆ.ಆರ್. ಪೇಟೆಯವರು ಕೆಟ್ಟರೆ ಇರಲಿ ಎಂದು ತಂದ ಇನ್ನೊಂದು ಬೇಸು ಗಾಲಿ ಮೇಲಾಗಿ ಬಿದ್ದುಕೊಂಡಿತ್ತು.

"ಅಪ್ಪ, ಚೈತ್ರನ ತಾವ ಇನ್ನೊಂದು ಬೇಸ್ ಅದೆ. ಕೇಳ್ಬುಡ್ಲಾ?" ಎಂದಳು ಅಕ್ಷಿತಾ.

"ತಡಿ, ನಮ್ದುನ್ನೇ ಸರಿ ಮಾಡವ." ದೇವರಾಜು ತಂತಿ ಸುತ್ತಿ ಹೋಳುಗಳನ್ನು ಬಿಗಿಯಲು ನೋಡಿದ. ಚೈನು ಕೂರುತ್ತಿರಲಿಲ್ಲ. ಮತ್ತೆ ಬಿಚ್ಚಿದ, ಮತ್ತೆ ಸುತ್ತಿದ. ಅವನ ಬೆರಳುಗಳಿಗೆ ಗ್ರೀಸು ಮೆತ್ತಿತು.

"ಅದು ಆಗಾಕಿಲ್ಲ ಅಂತ ನಿಂಗೂ ಗೊತ್ತು," ಎಂದಳು ಮಗಳು. ಅವಳು ದನಿ ಏರಿಸಲಿಲ್ಲ. "ನೀನು ಬ್ಯಾಡ ಅಂದ್ರೆ ನಾನು ಕೇಳಲ್ಲ. ಆದ್ರೆ ನೀನೇ ಬಾಯ್ಬುಟ್ಟು ಬ್ಯಾಡ ಅನ್ನು."

ಬೇಡ ಎನ್ನಲು ಅವನಿಗೆ ಬಾಯಿ ಬರಲಿಲ್ಲ. ಕೇಳು ಎನ್ನಲೂ ಬರಲಿಲ್ಲ. ಟೀ ಕುಡಿದು ಬರುತ್ತೇನೆಂದು ಹೊರಗೆ ಹೋದ.

ಟೀ ಅಂಗಡಿಯವರೆಗೂ ಹೋಗಿ ಟೀ ಕುಡಿಯದೆ ನಿಂತ. ನಾಚಿಕೆಯಾಗಿತ್ತು. ಅಣ್ಣನ ಮನೆಯದನ್ನು ಕೇಳಬೇಕಲ್ಲ ಎಂದು ಅಲ್ಲ, ಆ ಮಾತನ್ನು ಮಗಳ ತಲೆಗೆ ಬಿಟ್ಟು ಬಂದೆನಲ್ಲ ಎಂದು. ವಾಪಸು ಹೋಗಿ ತಾನೇ ಏನಾದರೂ ಹೇಳಬೇಕೆಂದುಕೊಂಡು ಕಾಲೇಜಿನ ಮೆಟ್ಟಿಲು ಹತ್ತಿದ. ಒಳಗೆ ಹೋದರೆ ಹೇಳುವುದಕ್ಕೇನೂ ಉಳಿದಿರಲಿಲ್ಲ. ಅಕ್ಷಿತಾ ಕೇಳಿ ಆಗಿತ್ತು, ಚೈತ್ರ ಕೊಟ್ಟೂ ಆಗಿತ್ತು. ಇಬ್ಬರೂ ನೆಲದ ಮೇಲೆ ಕೂತು ಕೈಯನ್ನು ಬೇಸಿಗೆ ಬಿಗಿಯುತ್ತಿದ್ದರು. ಚೈತ್ರಳ ತಂಡದವರು ಮುಖ ಊದಿಸಿಕೊಂಡು ದೂರದಲ್ಲಿದ್ದರು. ಎದುರಾಳಿಗೆ ಯಾರಾದರೂ ಗಾಡಿ ಕೊಡುತ್ತಾರೆಯೇ ಎಂದು ಅವರ ಶಾಲೆಯ ಸಹನ ಮಿಸ್ಸು ಮೆಲ್ಲಗೆ ಗದರುತ್ತಿದ್ದರು.

"ಓಡ್ದೇ ಇರೋ ಗಾಡಿ ಮ್ಯಾಲೆ ಗೆದ್ರೆ ಏನ್ ಗೆದ್ದಂಗೆ, ಮಿಸ್?" ಎಂದಳು ಚೈತ್ರ, ತಲೆ ಎತ್ತದೆ. ಆಮೇಲೆ ಬಾಗಿಲ ಬಳಿ ನಿಂತಿದ್ದವನನ್ನು ಕಂಡು, "ಚಿಕ್ಕಪ್ಪ, ಆ ಸಣ್ಣ ಸ್ಪ್ಯಾನರ್ ಕೊಡಿ," ಎಂದು ಕೈ ಚಾಚಿದಳು. ನಿನ್ನೆ ಮೊನ್ನೆಯೂ ಮಾತಾಡಿದ್ದವಳಂತೆ ಕೇಳಿದಳು. ದೇವರಾಜು ಮೇಜಿನ ಮೇಲಿದ್ದ ಸ್ಪ್ಯಾನರನ್ನು ತೆಗೆದು ಪ್ಯಾಂಟಿಗೆ ಒರೆಸಿ ಕೊಟ್ಟ.

ಕಣದಲ್ಲಿ ಎರಡು ರೋಬೋಗಳೂ ಒಂದೇ ತರದ ಗಾಲಿಯ ಮೇಲೆ, ಒಂದೇ ವೇಗದಲ್ಲಿ ಇಳಿಜಾರು ಹತ್ತಿದವು. ವ್ಯತ್ಯಾಸ ಇದ್ದುದು ಮೇಲುಗಡೆ. ಚೈತ್ರಳ ಕೈ ಒಂದೊಂದೇ ತುಂಡನ್ನು ಎತ್ತುತ್ತಿತ್ತು, ಅಕ್ಷಿತಾಳದು ಎರಡೆರಡನ್ನು ಬಾಚಿಕೊಳ್ಳುತ್ತಿತ್ತು. ಮನೆಯಲ್ಲಿ ಕಬ್ಬಿಣದ ಚೌಕಟ್ಟಿನ ಭಾರಕ್ಕೆ ಏದುಸಿರು ಬಿಡುತ್ತಿದ್ದ ಮೋಟಾರಿನ ಮೇಲೆ ಆ ಕೈ ಯಾವತ್ತೂ ಇಷ್ಟು ಚುರುಕಾಗಿ ಆಡಿರಲಿಲ್ಲ. ಮೇಷ್ಟ್ರು ದೇವರಾಜುವಿನ ಕಡೆ ನೋಡಿದರು. ಪಾಂಡವಪುರ ಗೆದ್ದಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ದೇವರಾಜು ಕೈ ಎತ್ತಿ, ಎದುರಿಗೆ ಚೈತ್ರ ನಿಂತಿದ್ದನ್ನು ಕಂಡು ಇಳಿಸಿದ.

ಸೋತ ಮೇಲೆ ಕೆ.ಆರ್. ಪೇಟೆಯವರಿಗೆ ಅಲ್ಲಿ ಕೆಲಸವಿರಲಿಲ್ಲ, ವ್ಯಾನು ಹೊರಟು ನಿಂತಿತ್ತು. ಬೇಸು ಶಾಲೆಯದು, ಬಿಟ್ಟು ಹೋಗುವಂತಿಲ್ಲ ಎಂದರು ಸಹನ ಮಿಸ್ಸು. ಅಕ್ಷಿತಾಳ ಮುಂದಿನ ಸುತ್ತು ಊಟವಾದ ಮೇಲೆ. ನಾನು ಇಲ್ಲೇ ಉಳಿದು ಬೇಸು ತರುತ್ತೇನೆ ಎಂದಳು ಚೈತ್ರ. ಹೆಣ್ಣುಮಗಳನ್ನು ಯಾರ ಭರವಸೆಯ ಮೇಲೆ ಬಿಟ್ಟು ಹೋಗಲಿ ಎಂದು ಮಿಸ್ಸು ಸುತ್ತ ನೋಡಿದರು. ನೋಟ ದೇವರಾಜುವಿನ ಮೇಲೆ ನಿಂತಿತು. ನೀವು ಇವಳಿಗೆ ಏನಾಗಬೇಕು ಎಂದು ಕೇಳಿದರು.

"ನಾನು ಚಿಕ್ಕಪ್ಪ," ಎಂದ ದೇವರಾಜು. "ನಮ್ ಲಗೇಜ್ ಆಟೋಲೇ ಕರ್ಕಂಡು ಓಯ್ತೀನಿ. ಮನೆ ಬಾಗ್ಲಿಗೇ ಬುಡ್ತೀನಿ."

ಮಿಸ್ಸು ಚೈತ್ರಳ ತಾಯಿಗೆ ಫೋನು ಮಾಡಿ, ಮಗಳು ಸಂಜೆ ಚಿಕ್ಕಪ್ಪನ ಜೊತೆ ಬರುತ್ತಾಳೆ ಎಂದಷ್ಟೇ ಹೇಳಿದರು. ಯಾವ ಚಿಕ್ಕಪ್ಪ ಎಂದು ಆ ಕಡೆಯಿಂದ ಎರಡು ಸಲ ಕೇಳಿದರಂತೆ.

ಮುಂದಿನ ಸುತ್ತಿನಲ್ಲಿ ನಾಗಮಂಗಲದವರು ಅಕ್ಷಿತಾಳನ್ನು ಸೋಲಿಸಿದರು. ಮೂರನೆಯ ಸ್ಥಾನದ ಪತ್ರ ಸಿಕ್ಕಿತು. ಲಗೇಜ್ ಆಟೋದ ಮುಂದಿನ ಸೀಟಿನಲ್ಲಿ ಮೂವರೂ ಒತ್ತಿಕೊಂಡು ಕೂತರು. ಬೇಸು ಚೈತ್ರಳ ತೊಡೆಯ ಮೇಲಿತ್ತು. ಹಿಂದೆ ಕಬ್ಬಿಣದ ಚೌಕಟ್ಟು ಹಳ್ಳ ಸಿಕ್ಕಾಗಲೆಲ್ಲ ಗಡಗಡ ಎನ್ನುತ್ತಿತ್ತು. ಪಾಂಡವಪುರ ದಾಟುವವರೆಗೂ ಹುಡುಗಿಯರು ನಾಗಮಂಗಲದವರ ಕೈ ಹೇಗಿತ್ತೆಂದು ಮಾತಾಡಿದರು. ದೇವರಾಜು ರಸ್ತೆ ನೋಡುತ್ತಿದ್ದ.

ಊರು ಸೇರುವಾಗ ಡೇರಿಯ ದೀಪ ಹತ್ತಿತ್ತು. ತಿಮ್ಮರಾಜು ತನ್ನ ಮನೆಯ ಗೇಟಿನ ಬಳಿಯೇ ನಿಂತಿದ್ದ. ಮಗಳು ಇಳಿದಾಗ ಏನಾಯಿತೆಂದು ಕೇಳಿದ. ಸೋತೆವು, ಅಕ್ಷಿತಾ ಗೆದ್ದಳು ಎಂದಷ್ಟೇ ಹೇಳಿದಳು ಚೈತ್ರ. ಬೇಸು ಕೊಟ್ಟ ವಿಷಯ ಎತ್ತಲಿಲ್ಲ.

ತಿಮ್ಮರಾಜು ಆಟೋದ ಹಿಂದೆ ಇದ್ದ ಚೌಕಟ್ಟನ್ನು ನೋಡಿದ. ಮಾತನ್ನು ಮಗಳಿಗೇ ಆಡಿದ, ಆದರೆ ತಮ್ಮನಿಗೂ ಕೇಳುವಷ್ಟು ಗಟ್ಟಿಯಾಗಿ. "ಗೆಲ್ದೆ ಇನ್ನೇನವ್ವ. ನಿಮ್ದು ಅಂಗ್ಡಿ ಸಾಮಾನು. ಅವರಪ್ಪ ಸ್ವಂತ ಕೈಯಾರ ಮಾಡ್ಕೊಟ್ಟವ್ನೆ."

ಇಷ್ಟು ವರ್ಷಗಳಲ್ಲಿ ಅಣ್ಣನ ಬಾಯಿಂದ ಬಂದ ಮೊದಲ ಒಳ್ಳೆಯ ಮಾತು ಅದು. ಆಟೋದ ಎಂಜಿನು ಇನ್ನೂ ಓಡುತ್ತಿತ್ತು. ಗೇರು ಹಾಕಿ ಮುಂದೆ ಹೋದರೆ ಆ ಮಾತು ಹಾಗೇ ಉಳಿದುಬಿಡುತ್ತಿತ್ತು, ಊರಲ್ಲೆಲ್ಲ ಹಬ್ಬುತ್ತಿತ್ತು. ದೇವರಾಜು ಎಂಜಿನು ಆರಿಸಿ ಕೆಳಗಿಳಿದ.

"ನಮ್ದು ಮುರ್ದೋಯ್ತು ಅಣ್ಣ," ಎಂದ. "ನಾವು ಓಡ್ಸಿದ್ದು ಚೈತ್ರನ ಗಾಡಿನ. ನಾನೇ ಕೇಳಿ ಇಸ್ಕಂಡೆ."

ಸೀಟಿನಲ್ಲಿದ್ದ ಅಕ್ಷಿತಾ ತಟ್ಟನೆ ಅಪ್ಪನ ಕಡೆ ತಿರುಗಿದಳು. ಚೈತ್ರಳೂ ನೋಡಿದಳು.

ತಿಮ್ಮರಾಜು ಗೇಟಿನ ಚಿಲಕದ ಮೇಲಿಟ್ಟಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಚೈತ್ರ ಬೇಸನ್ನು ಅವುಚಿಕೊಂಡು ಅಪ್ಪನ ಪಕ್ಕದಲ್ಲಿ ನುಸುಳಿ ಒಳಗೆ ಹೋದಳು. ಅವಳು ಹೋದ ಮೇಲೂ ತಿಮ್ಮರಾಜು ಗೇಟು ಹಾಕಲಿಲ್ಲ, ಅಣ್ಣ ಒಳಗಡೆ, ತಮ್ಮ ಹೊರಗಡೆ ನಿಂತಿದ್ದರು.